ಬೀಗದ ಕೈ ಯಾರ ಬಳಿ ಇರಬೇಕು?



ನನ್ನ ಹಳೆಯ ವಿದ್ಯಾರ್ಥಿಗಳ ತಂಡವೊಂದು ಕಳೆದ ತಿಂಗಳು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟಿದೆ. ತಾವು ಓದಿದ ಸರ್ಕಾರಿ ಪ್ರೌಢಶಾಲೆಯ ಋಣವನ್ನು ಕಿಂಚಿತ್ತಾದರೂ ತೀರಿಸಬೇಕೆಂಬ ಸದಾಶಯದಿಂದ ಅವರೆಲ್ಲ ಸೇರಿ 1,50,000 ರೂಪಾಯಿಗಳನ್ನು ಕೂಡಿಹಾಕಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರಿಂದ ಹಿಡಿದು ಊರಿನಲ್ಲೇ ತೋಟ ನೋಡಿಕೊಂಡಿರುವವರವರೆಗೆ ಎಲ್ಲರೂ ತಮ್ಮ ತಮ್ಮ ಶಕ್ತಿಯಂತೆ ಕೊಟ್ಟಿದ್ದಾರೆ. “ಸಾರ್, ಶಾಲೆಗೊಂದು ತ್ರೀ-ಡಿ ಪ್ರಿಂಟರ್ ಕೊಡಿಸೋಣವೆಂದು ನಮ್ಮ ಯೋಚನೆ. ನೀವು ವಿಜ್ಞಾನದ ಮೇಷ್ಟ್ರು. ನಿಮ್ಮ ಮಾತಿನಂತೆ ನಡೆಯುತ್ತೇವೆ” ಎಂದು ಬರೆದಿದ್ದಾರೆ. ಯಾವ ಶಾಲೆಯೆಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಅಲ್ಲಿ ಓದಿದವರಿಗೆ ಹೇಳದೆಯೇ ತಿಳಿಯುತ್ತದೆ. ಮಿಕ್ಕವರಿಗೆ ಅದು ತಮ್ಮ ಶಾಲೆಯೇ ಇರಬೇಕೆಂದು ತೋರಿದರೆ ಅದೂ ಒಳ್ಳೆಯದೇ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಬಹುದಾಗಿತ್ತು. ಆದರೆ ವಿಷಯ ಅಷ್ಟು ಸಣ್ಣದೆಂದು ನನಗೆ ಕಾಣಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಇಲ್ಲಿಯೇ ವಿಸ್ತಾರವಾಗಿ ಉತ್ತರಿಸುತ್ತಿದ್ದೇನೆ.

ನೀವು ಬಲ್ಲಂತೆ ನನ್ನ ಸೇವಾವಧಿಯೆಲ್ಲ ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಈ ನಾಲ್ಕು ಸೀಮೆಗಳಲ್ಲೇ ಕಳೆಯಿತು. ನಾನು ಕೆಲಸಕ್ಕೆ ಸೇರಿದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದ ಮೇಲೆ ಇವೆಲ್ಲವೂ ಒಂದೇ ಸೂರಿನಡಿ ಬಂದವು. ನೆಲದ ಗುಣವೇನೋ ಬೇರೆ ಬೇರೆಯೇ. ಜಗಳೂರು ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆ. ಹೊನ್ನಾಳಿ ತುಂಗಭದ್ರೆಯ ದಡ. ನ್ಯಾಮತಿ ಮಲೆನಾಡಿನ ಸೆರಗು. ಚನ್ನಗಿರಿಯದು ಅಡಿಕೆಯ ನಾಡು, ಶಾಂತಿಸಾಗರವೆಂದೂ ಕರೆಯಲ್ಪಡುವ ಸೂಳೆಕೆರೆಯ ನಾಡು. ಇಷ್ಟೆಲ್ಲ ಭೇದವಿದ್ದರೂ ಈ ನಾಲ್ಕೂ ಕಡೆಯ ಶಾಲೆಗಳಲ್ಲಿ ಒಂದು ವಸ್ತು ಮಾತ್ರ ಒಂದೇ ಬಗೆಯಾಗಿತ್ತು. ಅದು ವಿಜ್ಞಾನ ಕೊಠಡಿಯ ಬೀರುವಿನ ಬೀಗ.

ಆ ಬೀರುವಿನೊಳಗೆ ಏನೇನಿತ್ತೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸ್ಕ್ರೂಗೇಜ್, ವರ್ನಿಯರ್ ಕ್ಯಾಲಿಪರ್ಸ್, ಗ್ಯಾಲ್ವನೋಮೀಟರ್, ಹಿತ್ತಾಳೆಯ ತಕ್ಕಡಿ, ಪಟ್ಟಕ, ಮಸೂರ. ಬೀಗ ಹಾಕುತ್ತಿದ್ದವರು ಕೆಟ್ಟವರೆಂದು ದಯವಿಟ್ಟು ತಿಳಿಯಬೇಡಿ. ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗಿರುವ ಪ್ರತಿಯೊಂದು ವಸ್ತುವಿಗೂ ಒಬ್ಬರು ಲೆಕ್ಕ ಒಪ್ಪಿಸಬೇಕು. ಗಾಜಿನ ಜಾಡಿಯೊಂದು ಒಡೆದರೆ ಅದಕ್ಕೆ ಕಾರಣ ಬರೆಯಬೇಕು. ಮೀಟರೊಂದು ಸುಟ್ಟರೆ ವರ್ಗಾವಣೆಯ ಹೊತ್ತಿನಲ್ಲಿ ಚಾರ್ಜು ಕೊಡುವುದು ಕಷ್ಟವಾಗುತ್ತದೆ. ಬಳಸಿದರೆ ತೊಂದರೆ, ಬಳಸದೆ ಇಟ್ಟರೆ ಯಾರೂ ಕೇಳುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಬೀಗವೇ ಬುದ್ಧಿವಂತಿಕೆಯಾಗಿಬಿಡುತ್ತದೆ.

ಕೈಕೆಲಸದ ಮಹತ್ವವನ್ನು ನಮ್ಮ ಶಿಕ್ಷಣ ಚಿಂತಕರು ಹೇಳದೆ ಬಿಟ್ಟಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟು, ಕಸುಬಿನ ಮೂಲಕವೇ ಮಗು ಕಲಿಯಬೇಕೆಂದರು. 1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳಲ್ಲಿ ಕಸುಬಿನ ಕಲಿಕೆಗೆ ಸ್ಥಾನ ಕೊಡಬೇಕೆಂದಿತು. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂಬ ಮಾತನ್ನು ತಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದು ಹೆಸರಿಸಿತು. ಬಿ.ಎಡ್. ಓದುವಾಗ ಈ ಹೆಸರುಗಳನ್ನೆಲ್ಲ ನಾವು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು. ವೇಳಾಪಟ್ಟಿಯಲ್ಲಿಯೂ ಆ ಅವಧಿ ಇರುತ್ತಿತ್ತು. ಆದರೆ ಆ ಅವಧಿಯಲ್ಲಿ ಮಕ್ಕಳು ಮಾಡುತ್ತಿದ್ದುದು ಹೆಚ್ಚಾಗಿ ಗಿಡಗಳಿಗೆ ನೀರು ಹಾಕುವುದು, ಮೈದಾನದ ಕಲ್ಲು ಆರಿಸುವುದು, ಇಲ್ಲವೇ ಮುಗಿಯದ ಗಣಿತದ ಪಾಠ ಕೇಳುವುದು. ವಿಚಾರ ದೊಡ್ಡದಾಗಿತ್ತು, ಆದರೆ ಅದು ಮಗುವಿನ ಬೆರಳವರೆಗೆ ಇಳಿಯಲಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವ ಸಲುವಾಗಿ ಇತ್ತೀಚೆಗೆ ಒಂದು ವಿಶ್ವವಿದ್ಯಾಲಯದ ‘ಮೇಕರ್‌ಸ್ಪೇಸ್’ ನೋಡಿಕೊಂಡು ಬಂದೆ. ಹೊನ್ನಾಳಿಯಲ್ಲಿ ನನ್ನ ಬಳಿ ಓದಿದ ಒಬ್ಬ ಶಿಷ್ಯ ಅಲ್ಲಿ ಅಧ್ಯಾಪಕನಾಗಿದ್ದಾನೆ. ಮೇಕರ್‌ಸ್ಪೇಸ್ ಎಂದರೆ ಸರಳವಾಗಿ ಹೇಳುವುದಾದರೆ ಯಾವ ವಿಭಾಗದ ವಿದ್ಯಾರ್ಥಿಯಾದರೂ ಬಂದು, ತನ್ನ ಮನಸ್ಸಿನಲ್ಲಿರುವುದನ್ನು ತನ್ನ ಕೈಯಿಂದಲೇ ಕಟ್ಟಿ ನೋಡಬಹುದಾದ ಕಾರ್ಯಾಗಾರ. ಅಮೆರಿಕದ ಎಂ.ಐ.ಟಿ.ಯಲ್ಲಿ ನೀಲ್ ಗರ್ಶನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು 1998ರಲ್ಲಿ ‘ಹೆಚ್ಚುಕಡಿಮೆ ಏನನ್ನಾದರೂ ತಯಾರಿಸುವುದು ಹೇಗೆ’ ಎಂಬ ಅರ್ಥದ ಹೆಸರಿನ ಒಂದು ತರಗತಿಯನ್ನು ಆರಂಭಿಸಿದರು. ಯಂತ್ರಶಾಸ್ತ್ರದ ಗಂಧವಿಲ್ಲದ ವಿದ್ಯಾರ್ಥಿಗಳೂ ಅದಕ್ಕೆ ಮುಗಿಬಿದ್ದರು. ಅಲ್ಲಿಂದ ಹುಟ್ಟಿದ್ದು ‘ಫ್ಯಾಬ್ ಲ್ಯಾಬ್’ ಎಂಬ ಕಲ್ಪನೆ. ನಮ್ಮ ದೇಶದ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಎ.ಐ.ಸಿ.ಟಿ.ಇ. 2021ರಿಂದ ‘ಐಡಿಯಾ ಲ್ಯಾಬ್’ ಎಂಬ ಹೆಸರಿನಲ್ಲಿ ಇಂತಹ ಕಾರ್ಯಾಗಾರಗಳಿಗೆ ನೆರವು ನೀಡುತ್ತ ಬಂದಿದೆ.

ಅಲ್ಲಿ ಕಂಡ ಉಪಕರಣಗಳ ಬಗೆಗೆ ತುಸು ಹೇಳುತ್ತೇನೆ. ಮೊದಲನೆಯದು ನಮ್ಮ ಶಿಷ್ಯರ ಮನಸೆಳೆದಿರುವ ತ್ರೀ-ಡಿ ಪ್ರಿಂಟರ್. ಇದರ ತತ್ತ್ವ ಬಹಳ ಸುಲಭ. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವಂತೆ, ಬಿಸಿಯಾದ ಸಣ್ಣ ಮೂತಿಯಿಂದ ಕರಗಿದ ಪ್ಲಾಸ್ಟಿಕ್ ಎಳೆ ಇಳಿಯುತ್ತದೆ. ಕಂಪ್ಯೂಟರು ಹೇಳಿದ ದಾರಿಯಲ್ಲಿ ಆ ಮೂತಿ ಓಡಾಡಿ ಪದರದ ಮೇಲೆ ಪದರ ಹಾಕುತ್ತ ವಸ್ತುವನ್ನು ಕಟ್ಟುತ್ತದೆ. ಎಳೆಯ ವ್ಯಾಸ ಸಾಮಾನ್ಯವಾಗಿ 1.75 ಮಿಲಿಮೀಟರು, ಮೂತಿಯ ರಂಧ್ರ 0.4 ಮಿಲಿಮೀಟರು, ಉಷ್ಣತೆ ಸುಮಾರು 200 ಡಿಗ್ರಿ ಸೆಲ್ಸಿಯಸ್. ಹೆಚ್ಚು ಬಳಕೆಯಲ್ಲಿರುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ಕನ್ನು ಮೆಕ್ಕೆಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ತಯಾರಿಸುತ್ತಾರೆ. ಅವನ್ನು ಹುದುಗಿಸಿದಾಗ ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವೇ ದೊರೆಯುತ್ತದೆ; ಅದರ ಅಣುಗಳನ್ನು ಸರಪಳಿಯಾಗಿ ಕಟ್ಟಿದರೆ ಪಿ.ಎಲ್.ಎ. ಜಗಳೂರಿನಿಂದ ಹೊನ್ನಾಳಿಯವರೆಗೆ ಮೆಕ್ಕೆಜೋಳದ ರಾಶಿಗಳನ್ನು ಕಂಡ ನಮಗೆ ಇದು ಸೋಜಿಗವಲ್ಲವೆ? ಆದರೆ ಇದರ ಮಿತಿಯೂ ತಿಳಿದಿರಬೇಕು. 60 ಡಿಗ್ರಿಯ ಆಸುಪಾಸಿನಲ್ಲಿ ಅದು ಮೆತ್ತಗಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾಗುವುದುಂಟು. ಈ ವಿಧಾನದ ಮೂಲ ಪೇಟೆಂಟಿನ ಅವಧಿ 2009ರಲ್ಲಿ ಮುಗಿದ ಮೇಲೆಯೇ ಇದರ ಬೆಲೆ ಇಳಿದು ಸಾಮಾನ್ಯರ ಕೈಗೆಟುಕಿತು.

ಎರಡನೆಯದು ಲೇಸರ್ ಕಟ್ಟರ್. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಒಂದು ಬಿಂದುವಿಗೆ ತಂದು ಪ್ಲೈವುಡ್, ರಟ್ಟು, ಅಕ್ರಿಲಿಕ್ ಹಲಗೆಗಳನ್ನು ನಾವು ಬರೆದ ಗೆರೆಯ ಮೇಲೆಯೇ ಕತ್ತರಿಸುತ್ತದೆ. ಇದರಲ್ಲಿ ಬಳಸುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಆ ಯಂತ್ರದ ಮೇಲೆ ಒಂದು ಎಚ್ಚರಿಕೆಯ ಹಲಗೆಯಿತ್ತು: ಪಿ.ವಿ.ಸಿ. ಕತ್ತರಿಸಕೂಡದು. ಪಿ.ವಿ.ಸಿ.ಯಲ್ಲಿ ಕ್ಲೋರಿನ್ ಇರುವುದರಿಂದ ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಂದು ಶ್ವಾಸಕೋಶವನ್ನೂ ಯಂತ್ರವನ್ನೂ ಕೆಡಿಸುತ್ತದೆ. ಹತ್ತನೆಯ ತರಗತಿಯ ರಸಾಯನಶಾಸ್ತ್ರ ಆ ಗೋಡೆಯ ಮೇಲೆ ಜೀವಂತವಾಗಿ ನಿಂತಿರುವುದನ್ನು ಕಂಡು ಸಂತೋಷವಾಯಿತು.

ಇವುಗಳ ಜೊತೆಗೆ ಕಂಪ್ಯೂಟರ್ ನಡೆಸುವ ರೂಟರ್ ಯಂತ್ರ, ಬೆಸುಗೆಯ ಕಡ್ಡಿಗಳು, ಮಲ್ಟಿಮೀಟರುಗಳು, ಆಸಿಲೋಸ್ಕೋಪ್, 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪುಗೊಂಡ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಫಲಕಗಳು, ಹೊಲಿಗೆ ಯಂತ್ರಗಳು, ಗೋಡೆಯ ತುಂಬ ಅರ, ಉಳಿ, ಗರಗಸ, ಸುತ್ತಿಗೆ, ಇಕ್ಕಳಗಳು. ಪ್ರತಿಯೊಂದು ಹತ್ಯಾರದ ಹಿಂದೆಯೂ ಗೋಡೆಯ ಮೇಲೆ ಅದರದೇ ನೆರಳಿನಾಕಾರವನ್ನು ಬಣ್ಣದಿಂದ ಬರೆದಿದ್ದರು. ಯಾವುದು ಜಾಗದಲ್ಲಿಲ್ಲವೆಂದು ಬಾಗಿಲಿನಿಂದಲೇ ತಿಳಿಯುತ್ತಿತ್ತು. ಬೀಗವಿಲ್ಲದೆ ಲೆಕ್ಕವಿಡುವ ಉಪಾಯ ಇಷ್ಟು ಸುಲಭ!

ಮೂಲೆಯಲ್ಲಿ ಒಂದು ಹಳೆಯ ಲೇತ್ ಇತ್ತು. ಅದರ ಮೈಮೇಲಿನ ಎರಕದ ಅಕ್ಷರಗಳನ್ನು ಓದಿ ನನಗೆ ನೆಂಟರನ್ನು ಕಂಡಂತಾಯಿತು. ಅದು ನಮ್ಮ ಹರಿಹರದ್ದು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ಕಾರ್ಯಾಗಾರಗಳಿಗೆ ಹೋದವು. ನನ್ನ ಸೋದರಮಾವನವರು ಅಲ್ಲಿ ಟರ್ನರ್ ಆಗಿದ್ದರೆಂಬುದು ನಮ್ಮ ಬಂಧುಗಳಿಗೆ ಗೊತ್ತು. ಕಬ್ಬಿಣದ ಚೂರನ್ನು ಬೆರಳ ತುದಿಯಲ್ಲಿ ಸವರಿಯೇ ಅದು ಎಷ್ಟು ದಪ್ಪವೆಂದು ಅವರು ಹೇಳುತ್ತಿದ್ದರು. ಆಮೇಲೆ ಮೈಕ್ರೋಮೀಟರ್ ಇಟ್ಟು ನೋಡಿದರೆ ಹೆಚ್ಚು ವ್ಯತ್ಯಾಸವಿರುತ್ತಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಅಂತಹ ನೂರಾರು ಕೈಗಳ ಜ್ಞಾನ ಯಾವ ಪಠ್ಯಪುಸ್ತಕಕ್ಕೂ ಸೇರದೆ ಮನೆಗೆ ಹೋಯಿತು. ಲೇತ್ ಮಾತ್ರ ಇನ್ನೂ ತಿರುಗುತ್ತಿದೆ.

ಅಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವಳು ಚನ್ನಗಿರಿ ಕಡೆಯ ಹಳ್ಳಿಯೊಂದರಿಂದ ಬಂದ ಒಬ್ಬ ವಿದ್ಯಾರ್ಥಿನಿ. ಅವಳ ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಸುಲಿಯುವ ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕುಳಿತು ಕೈಯಿಂದ ಸುಲಿಯುವುದು ನಿಂತಿಲ್ಲವೆಂಬುದನ್ನು ಆ ಕಡೆಯವರು ಬಲ್ಲಿರಿ. ಕತ್ತಿಯ ಅಲಗು ನೆಟ್ಟಗೆ ನಿಂತಿರುತ್ತದೆ. ಕಾಯನ್ನು ಅದಕ್ಕೆ ಒತ್ತಿ ತಿರುಗಿಸಬೇಕು. ರಾತ್ರಿ ನಿದ್ದೆಗಣ್ಣಿನಲ್ಲಿ ಬೆರಳಿಗೆ ಗಾಯವಾಗುವುದು ಸಾಮಾನ್ಯ. ಈ ಹುಡುಗಿ ತಾಯಿಯ ಹೆಬ್ಬೆರಳಿಗೆ ಒಂದು ರಕ್ಷೆ ಮಾಡಲು ಹೊರಟಳು. ಮೊದಲನೆಯದನ್ನು ಪ್ರಿಂಟರಿನಲ್ಲಿ ತೆಗೆದಳು, ಬೆರಳಿಗೆ ಬಿಗಿಯಾಯಿತು. ಎರಡನೆಯದು ಸಡಿಲವಾಯಿತು. ಮೂರನೆಯದು ಸರಿಹೊಂದಿತು. ಆದರೆ ತಾಯಿ ಒಂದು ರಾತ್ರಿ ಬಳಸಿ ನೋಡಿ, “ಇದು ಜಾರುತ್ತದವ್ವ, ಕಾಯಿ ಹಿಡಿತಕ್ಕೆ ಸಿಗಲ್ಲ” ಎಂದರು. ಹಸಿ ಅಡಿಕೆಯ ಚೊಗರಿನಲ್ಲಿ ನಯವಾದ ಪ್ಲಾಸ್ಟಿಕ್ ನಿಲ್ಲಲಿಲ್ಲ. ಒಟ್ಟು ಏಳು ಬಾರಿ ಮಾಡಿದಳಂತೆ. ಏಳನೆಯದರಲ್ಲಿ ಪ್ಲಾಸ್ಟಿಕ್ಕೇ ಇಲ್ಲ. ಸೈಕಲ್ ಟ್ಯೂಬಿನ ರಬ್ಬರು, ದಪ್ಪ ಬಟ್ಟೆ ಸೇರಿಸಿ ಹೊಲಿಗೆ ಯಂತ್ರದಲ್ಲಿ ಹೊಲಿದದ್ದು. ಪ್ರಿಂಟರಿನ ಅಚ್ಚುಗಳು ಅವಳಿಗೆ ಅಳತೆಯನ್ನು ಕಲಿಸಿದವು. ಕೊನೆಗೆ ಒದಗಿದ್ದು ಸೂಜಿ. ಅಲ್ಲಿನ ಅತಿ ಹೆಚ್ಚು ಬೆಲೆಯ ಯಂತ್ರದ ಪಕ್ಕದಲ್ಲಿ ಅತಿ ಕಡಿಮೆ ಬೆಲೆಯ ಯಂತ್ರ ಗೆದ್ದದ್ದನ್ನು ಅವಳು ಯಾವ ಸಂಕೋಚವೂ ಇಲ್ಲದೆ ಹೇಳಿದಳು.

“ಇದಕ್ಕೆ ಮೊದಲು ಇಂತಹ ಹತ್ಯಾರ ಹಿಡಿದಿದ್ದೆಯೇನಮ್ಮ?” ಎಂದು ಕೇಳಿದೆ. “ಇಲ್ಲ ಸಾರ್. ನಮ್ಮ ಶಾಲೆಯಲ್ಲಿ ಸ್ಕ್ರೂಡ್ರೈವರ್ ಕೂಡ ಹುಡುಗರ ಕೈಗೇ ಕೊಡುತ್ತಿದ್ದರು. ನಾನು ಇಲ್ಲಿಗೆ ಬಂದು ಮೊದಲ ವರ್ಷವೆಲ್ಲ ಬಾಗಿಲ ಬಳಿಯೇ ನಿಂತು ನೋಡಿ ಹೋಗುತ್ತಿದ್ದೆ” ಎಂದಳು. ಒಂದು ವರ್ಷ! ಎಲ್ಲರಿಗೂ ತೆರೆದಿರುವ ಬಾಗಿಲನ್ನು ದಾಟಲು ಒಂದು ಮಗುವಿಗೆ ಒಂದು ವರ್ಷ ಬೇಕಾಯಿತು. ಪಟ್ಟಣದಲ್ಲಿ ಚಿಕ್ಕಂದಿನಿಂದ ಆಟಿಕೆಯ ಮೋಟಾರು ಬಿಚ್ಚಿ ಕಟ್ಟಿದ ಮಕ್ಕಳು ಮೊದಲ ದಿನವೇ ಒಳಗೆ ಹೋಗುತ್ತಾರೆ. ಆದ್ದರಿಂದ ಉಪಕರಣಗಳ ಸಂಕೋಚ ಕಳೆಯಬೇಕಾದುದು ಹದಿನೆಂಟನೆಯ ವಯಸ್ಸಿನಲ್ಲಲ್ಲ, ಹದಿಮೂರನೆಯ ವಯಸ್ಸಿನಲ್ಲಿ. ವಿಶ್ವವಿದ್ಯಾಲಯದಲ್ಲಲ್ಲ, ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ.

ನಮ್ಮ ಊರುಗಳಲ್ಲಿ ಕುಲುಮೆಯೇ ಹಿಂದಿನ ಮೇಕರ್‌ಸ್ಪೇಸ್ ಆಗಿತ್ತಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಮುಂಗಾರಿಗೆ ಮುನ್ನ ತಿದಿಯ ಮುಂದೆ ಊರಿಗೆ ಊರೇ ಸೇರುತ್ತಿತ್ತು. ನೇಗಿಲ ಗುಳ ಹದಗೊಳ್ಳುತ್ತಿತ್ತು, ಕುಂಟೆಯ ತಾಳು ರಿಪೇರಿಯಾಗುತ್ತಿತ್ತು, ಬಡಗಿಯ ಬಾಚಿ ಕೂರಿಗೆಯನ್ನು ತಿದ್ದುತ್ತಿತ್ತು. ಬೇಕಾದವನೂ ಮಾಡುವವನೂ ಎದುರುಬದುರು ಕುಳಿತು ಮಾತಾಡಿ ವಸ್ತುವನ್ನು ರೂಪಿಸುತ್ತಿದ್ದರು. ಆದರೆ ಹಳೆಯದನ್ನೆಲ್ಲ ಹೊಗಳುವುದು ಮೇಷ್ಟ್ರಾದವನಿಗೆ ತರವಲ್ಲ. ಆ ಕುಲುಮೆಯ ಸುತ್ತಿಗೆಯನ್ನು ಯಾರು ಹಿಡಿಯಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ಹಿಡಿದವರಿಗೆ ಅಕ್ಷರ ದೂರವಿತ್ತು, ಅಕ್ಷರ ಕಲಿತವರಿಗೆ ಸುತ್ತಿಗೆ ಕೀಳಾಗಿ ಕಂಡಿತು. ಹೆಣ್ಣುಮಕ್ಕಳು ತಿದಿ ಒತ್ತಿದ್ದುಂಟು. ಅವರನ್ನು ಯಾರೂ ಕಮ್ಮಾರರೆಂದು ಕರೆಯಲಿಲ್ಲ. ಮೇಕರ್‌ಸ್ಪೇಸಿನಲ್ಲಿ ನಿಜವಾಗಿ ಹೊಸದೇನಾದರೂ ಇದ್ದರೆ ಅದು ಲೇಸರ್ ಅಲ್ಲ. ಬಂದವರು ಯಾರೇ ಆಗಲಿ, ಕಲಿತರೆ ಮುಟ್ಟಬಹುದು ಎಂಬ ನಿಯಮ.

ಈ ನಿಯಮವನ್ನು ಹಳ್ಳಿಯ ಶಾಲೆಯಲ್ಲಿ ನಡೆಸಿ ತೋರಿಸಿದವರೂ ನಮ್ಮ ದೇಶದಲ್ಲಿಯೇ ಇದ್ದಾರೆ. ಪುಣೆಯ ಸಮೀಪದ ಪಾಬಳ್ ಎಂಬ ಮಳೆ ಕಡಿಮೆಯಿರುವ ಹಳ್ಳಿಯಲ್ಲಿ ಡಾ. ಎಸ್.ಎಸ್. ಕಲಬಾಗ್ ಎಂಬ ವಿಜ್ಞಾನಿ 1983ರಲ್ಲಿ ‘ವಿಜ್ಞಾನ ಆಶ್ರಮ’ವನ್ನು ಸ್ಥಾಪಿಸಿದರು. ಹಿಂದುಸ್ತಾನ್ ಲೀವರ್ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದವರು ಅದನ್ನು ಬಿಟ್ಟು ಹಳ್ಳಿಗೆ ಬಂದರು. ಶಾಲೆಯ ಮಕ್ಕಳಿಗೆ ವಾರಕ್ಕೊಂದು ದಿನ ಕೈಕೆಲಸ. ಅದರಲ್ಲಿ ಇಂಜಿನಿಯರಿಂಗ್, ಶಕ್ತಿ ಮತ್ತು ಪರಿಸರ, ಗೃಹ ಮತ್ತು ಆರೋಗ್ಯ, ಕೃಷಿ ಮತ್ತು ಪಶುಪಾಲನೆ ಎಂಬ ನಾಲ್ಕು ಭಾಗಗಳು. ಊರಿನ ಕುಶಲಕರ್ಮಿಗಳೇ ಬೋಧಕರು. ಮಕ್ಕಳು ಕಲಿತ ಕೆಲಸವನ್ನು ಊರಿನವರಿಗೆ ಮಾಡಿಕೊಟ್ಟು ಅದಕ್ಕೆ ಹಣ ಪಡೆಯುವುದೂ ಕಲಿಕೆಯ ಭಾಗ. ಎಂ.ಐ.ಟಿ.ಯ ಫ್ಯಾಬ್ ಲ್ಯಾಬ್ ಮೊತ್ತಮೊದಲು ಅಮೆರಿಕದ ಹೊರಗೆ ಕಾಲಿಟ್ಟಿದ್ದು 2002ರಲ್ಲಿ, ಈ ಪಾಬಳಿನಲ್ಲಿಯೇ. ಪಾಬಳಿಗೆ ಬಂದದ್ದು ಕಂಪ್ಯೂಟರ್ ಯಂತ್ರಗಳಿಂದ ಆರಂಭವಾದ ಕೈಕೆಲಸವಲ್ಲ. ಕೈಕೆಲಸ ಸುಮಾರು 20 ವರ್ಷ ನಡೆದ ಮೇಲೆ ಯಂತ್ರ ಬಂತು. ಈ ಅನುಕ್ರಮವನ್ನು ದಯವಿಟ್ಟು ಗಮನಿಸಿ.

ಇನ್ನೊಂದು ಉದಾಹರಣೆ. ಕೇಂದ್ರ ಸರ್ಕಾರದ ನೀತಿ ಆಯೋಗವು ಅಟಲ್ ಇನ್ನೋವೇಶನ್ ಮಿಷನ್ನಿನ ಮೂಲಕ 2016ರಿಂದ ಶಾಲೆಗಳಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ಗಳನ್ನು ತೆರೆಯಿಸಿದೆ. 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಪ್ರತಿ ಶಾಲೆಗೆ 20 ಲಕ್ಷ ರೂಪಾಯಿ: 10 ಲಕ್ಷ ಸ್ಥಾಪನೆಗೆ, 10 ಲಕ್ಷ ಐದು ವರ್ಷಗಳ ನಿರ್ವಹಣೆಗೆ. ದೇಶದಲ್ಲಿ ಇಂತಹ 10,000 ಪ್ರಯೋಗಾಲಯಗಳಾಗಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷಗಳೊಳಗೆ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ತೆರೆಯುವುದಾಗಿ ಘೋಷಿಸಲಾಯಿತು. ಬಹಳ ಒಳ್ಳೆಯ ಯೋಜನೆ. ಆದರೆ ನಾನು ಕಂಡ ಒಂದು ಶಾಲೆಯಲ್ಲಿ ಪ್ರಿಂಟರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಕೊಠಡಿಗೆ ಬೀಗ ಹಾಕಿ, ಅತಿಥಿಗಳು ಬಂದಾಗ ಮಾತ್ರ ತೆರೆಯುತ್ತಿದ್ದರು. ತರಬೇತಿ ಪಡೆದ ಶಿಕ್ಷಕರಿಗೆ ವರ್ಗವಾಗಿತ್ತು. ಎಳೆಯ ಸುರುಳಿ ಮುಗಿದು ವರ್ಷವಾಗಿತ್ತು. ಹಿತ್ತಾಳೆಯ ತಕ್ಕಡಿಯ ಜಾಗಕ್ಕೆ ಪ್ರಿಂಟರ್ ಬಂದಿತ್ತು, ಬೀಗ ಮಾತ್ರ ಹಳೆಯದೇ.

ಈಗ ಒಬ್ಬನ ಕಥೆ ಹೇಳುತ್ತೇನೆ. ನೀವು ಹಣ ಕೊಡಹೊರಟಿರುವ ಶಾಲೆಗೆ ನಾನು ವರ್ಗವಾಗಿ ಹೋದಾಗ, ಅಲ್ಲಿ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಹಾಗೂ ಗಣಿತಗಳಲ್ಲಿ ಅನುತ್ತೀರ್ಣನಾಗಿದ್ದ ಹುಡುಗನೊಬ್ಬ ಸಂಜೆಯ ಪಾಠಕ್ಕೆ ಬರುತ್ತಿದ್ದ. ಗಣಿತ ದಾಟಿದ, ಇಂಗ್ಲಿಷ್ ಎರಡನೆಯ ಸಲವೂ ಕೈಕೊಟ್ಟಿತು. ಆದರೆ ಕರೆಂಟಿನ ವಿಷಯದಲ್ಲಿ ಅವನ ಬುದ್ಧಿ ಓಡುತ್ತಿದ್ದ ಬಗೆಯನ್ನು ನಾನು ಬೇರೆ ಯಾವ ವಿದ್ಯಾರ್ಥಿಯಲ್ಲಿಯೂ ಕಾಣಲಿಲ್ಲ. ಮೂರನೆಯ ಸಲ ಪರೀಕ್ಷೆಗೆ ಕಟ್ಟಲು ಅವನ ಮನೆಯವರು ಒಪ್ಪಲಿಲ್ಲ. ದಾವಣಗೆರೆಯಲ್ಲಿ ಯಾವುದೋ ಅಂಗಡಿಯಲ್ಲಿ ಕೆಲಸ ಕಲಿತು ಬಂದು ಈಗ ಅದೇ ಊರಿನ ಬಸ್ ನಿಲ್ದಾಣದ ಹಿಂದೆ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಕೊಳವೆ ಬಾವಿಯ ಮೋಟಾರು ಸುಟ್ಟಿತೆಂದರೆ ಸುತ್ತಲಿನ ರೈತರೆಲ್ಲ ಹೋಗುವುದು ಅವನಲ್ಲಿಗೆ. ಪೈರು ಒಣಗುವ ಮುನ್ನ ಮೋಟಾರು ಕೆಳಗಿಳಿಯಬೇಕು. ಹಾಗಾಗಿ ರಾತ್ರಿಯೆಲ್ಲ ಕುಳಿತು ತಾಮ್ರದ ತಂತಿ ಸುತ್ತುತ್ತಾನೆ.

ಮೊನ್ನೆ ಅವನ ಅಂಗಡಿಗೆ ಹೋಗಿದ್ದೆ. ಸುಟ್ಟ ಸುರುಳಿಯನ್ನು ಬಿಚ್ಚಿ, ಸುತ್ತುಗಳನ್ನೆಣಿಸಿ, ತಂತಿಯ ಮೇಲಿನ ಲೇಪವನ್ನು ತೆಗೆದು, ಒಂದು ಮೈಕ್ರೋಮೀಟರಿನಿಂದ ಅದರ ವ್ಯಾಸ ಅಳೆಯುತ್ತಿದ್ದ. ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ. ತಂತಿ ತೆಳುವಾದರೆ ಮೋಟಾರು ಮತ್ತೆ ಸುಡುತ್ತದೆ, ದಪ್ಪವಾದರೆ ಗಾಡಿಯೊಳಗೆ ಕೂರುವುದಿಲ್ಲ. “ಚೆನ್ನಾಗಿ ಅಳೆಯುತ್ತೀಯಲ್ಲೋ” ಎಂದೆ. ನಕ್ಕು ಹೇಳಿದ: “ಸಾರ್, ಇದನ್ನು ನಾನು ಮೊದಲು ನೋಡಿದ್ದು ನಮ್ಮ ಶಾಲೆಯ ಬೀರುವಿನ ಗಾಜಿನಾಚೆ. ಮೂರು ವರ್ಷ ದಿನಾ ನೋಡಿದೆ. ಮುಟ್ಟಿದ್ದು ಮಾತ್ರ ಇಲ್ಲಿ.” ಅವನ ಮಾತಿನಲ್ಲಿ ಯಾರ ಮೇಲೂ ದೂರಿರಲಿಲ್ಲ. ಆದ್ದರಿಂದಲೇ ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಶಿಷ್ಯರೆ, ನನ್ನ ಉತ್ತರ ಇದು. ತ್ರೀ-ಡಿ ಪ್ರಿಂಟರ್ ಈಗ ಬೇಡ. ನಿಮ್ಮ 1,50,000 ರೂಪಾಯಿಯಲ್ಲಿ 50,000ವನ್ನು ಹತ್ಯಾರಗಳಿಗೆ ಇಡಿ. ಗಟ್ಟಿಯಾದ ಎರಡು ಮೇಜು, ನಾಲ್ಕು ಬೆಂಚ್ ವೈಸ್, ಅರ, ಹ್ಯಾಕ್ಸಾ, ಗರಗಸ, ಉಳಿ, ಕೈಬೈರಿಗೆ, ಒಂದು ವಿದ್ಯುತ್ ಡ್ರಿಲ್, ಹತ್ತು ಮಲ್ಟಿಮೀಟರ್, ಹತ್ತು ಬೆಸುಗೆ ಕಡ್ಡಿ, ಕೆಲವು ಆರ್ಡುಯಿನೊ ಫಲಕ, ಒಂದು ಹೊಲಿಗೆ ಯಂತ್ರ, ಕಣ್ಣಿಗೆ ಕನ್ನಡಕ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ದಾವಣಗೆರೆಯ ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಸಾಧಾರಣ ಮಲ್ಟಿಮೀಟರ್ 500 ರೂಪಾಯಿಗೂ ದೊರೆಯುತ್ತದೆ. ಶಾಲೆಯ ಬೀರುವಿನಲ್ಲಿರುವ ಸ್ಕ್ರೂಗೇಜುಗಳನ್ನು ಹೊರತೆಗೆದರೆ ಅವನ್ನು ಹೊಸದಾಗಿ ಕೊಳ್ಳಬೇಕಾಗಿಯೂ ಇಲ್ಲ. 30,000ವನ್ನು ಎರಡು ವರ್ಷಗಳ ತಂತಿ, ತಗಡು, ಮರ, ಬೆಸುಗೆಯ ಸೀಸ, ಮುರಿದುಹೋಗುವ ಗರಗಸದ ಅಲಗು ಇವುಗಳಿಗೆ ಇಡಿ. ಮುರಿಯುವುದಕ್ಕೆಂದೇ ಹಣ ಎತ್ತಿಟ್ಟಿದ್ದರೆ ಯಾರೂ ಬೀಗ ಹುಡುಕುವುದಿಲ್ಲ.

ಉಳಿದ 70,000ವನ್ನು ಆ ಮೋಟಾರ್ ಅಂಗಡಿಯವನಿಗೆ ಕೊಡಿ. ದಾನವಾಗಿ ಅಲ್ಲ, ಗೌರವಧನವಾಗಿ. ವಾರಕ್ಕೆ ಎರಡು ಮಧ್ಯಾಹ್ನ, ಒಂದಕ್ಕೆ 500 ರೂಪಾಯಿಯಂತೆ, ವರ್ಷಕ್ಕೆ 35 ವಾರ. ಎರಡು ವರ್ಷಕ್ಕೆ ಸರಿಯಾಗಿ ಅಷ್ಟೇ ಆಗುತ್ತದೆ. ವಿಜ್ಞಾನ ಶಿಕ್ಷಕರು ಜೊತೆಯಲ್ಲಿರಲಿ; ಓಮನ ನಿಯಮವನ್ನು ಅವರು ಹೇಳಲಿ, ಮೋಟಾರು ಏಕೆ ಸುಡುತ್ತದೆಂಬುದನ್ನು ಇವನು ತೋರಿಸಲಿ. ಬೀಗದ ಕೈ ಅವನ ಬಳಿಯಿರಲಿ. ಎಸ್.ಎಸ್.ಎಲ್.ಸಿ. ಪಾಸಾಗದವನು ಪ್ರೌಢಶಾಲೆಯಲ್ಲಿ ಕಲಿಸುವುದೆಂತು ಎಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ನಾನು ಹೋಗಿದ್ದ ವಿಶ್ವವಿದ್ಯಾಲಯದಲ್ಲಿ ಲೇತ್ ಕಲಿಸುತ್ತಿದ್ದವರು ಐ.ಟಿ.ಐ. ಓದಿದ ತಂತ್ರಜ್ಞರು, ಅವರ ಮುಂದೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅಧ್ಯಾಪಕರೂ ವಿನಯದಿಂದ ನಿಂತಿದ್ದರು. ಅಂಕಪಟ್ಟಿ ಕೊಡುವ ಅಧಿಕಾರವನ್ನು ನಾವೇನೂ ಅವನಿಗೆ ಕೊಡುತ್ತಿಲ್ಲ.

ಮಗುವಿನ ಕೈಗೆ ಗಾಯವಾದರೆ ಯಾರು ಹೊಣೆ ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಅಲ್ಲಿನ ನಿಯಮಗಳನ್ನು ಬರೆದುಕೊಂಡು ಬಂದಿದ್ದೇನೆ. ಒಮ್ಮೆಗೆ ಹತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಒಂದೊಂದು ಹತ್ಯಾರಕ್ಕೂ ಮೊದಲು ಪರೀಕ್ಷೆ, ಆಮೇಲೆ ಬಳಕೆ. ಕಾಲಿಗೆ ಮುಚ್ಚಿದ ಪಾದರಕ್ಷೆ, ಕಣ್ಣಿಗೆ ಕನ್ನಡಕ. ಜಡೆ ಮೇಲೆ ಕಟ್ಟಿರಬೇಕು, ವೇಲ್ ಜೋತಾಡಬಾರದು. ತಿರುಗುವ ಯಂತ್ರದ ಬಳಿ ಕೈಗವಸು ಹಾಕಬಾರದು, ಅದು ಕೈಯನ್ನು ಸೆಳೆದುಕೊಳ್ಳುತ್ತದೆ. ಪೋಷಕರಿಂದ ಒಪ್ಪಿಗೆ ಪತ್ರ, ಶಾಲಾಭಿವೃದ್ಧಿ ಸಮಿತಿಯ ಠರಾವು ಎರಡೂ ಇರಲಿ. ಮನೆಯಲ್ಲಿ ಕುಡುಗೋಲು ಹಿಡಿದು ಮೇವು ಕೊಯ್ಯುವ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಮಕ್ಕಳಿವರು. ಎಚ್ಚರಿಕೆ ಅವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ.

ಪರೀಕ್ಷೆಯ ಫಲಿತಾಂಶಕ್ಕೆ ಇದರಿಂದ ಏನು ಪ್ರಯೋಜನವೆಂದು ಕೇಳುವ ಬಂಧುಗಳೂ ಇದ್ದಾರೆ. ಅಂಕಗಳು ಹೆಚ್ಚುತ್ತವೆಂದು ನಾನು ಮಾತು ಕೊಡಲಾರೆ. ಆದರೆ ಮೆಟ್ಟುಗತ್ತಿಯ ಮುಂದೆ ಕುಳಿತ ತಾಯಿಯ ಬೆರಳನ್ನು ಕಂಡು ‘ಇದಕ್ಕೇನಾದರೂ ಮಾಡಬಹುದು’ ಎಂದು ಯೋಚಿಸುವ ಮಗು ಪ್ರತಿ ತರಗತಿಯಲ್ಲಿಯೂ ಇದೆ. ಆ ಮಗುವಿಗೆ ಹದಿಮೂರನೆಯ ವಯಸ್ಸಿನಲ್ಲಿ ಒಂದು ಅರ, ಒಂದು ಸೂಜಿ, ಒಬ್ಬ ತಿಳಿದವರು ಸಿಕ್ಕರೆ, ಮುಂದೆ ಯಾವ ಬಾಗಿಲ ಬಳಿಯೂ ಒಂದು ವರ್ಷ ನಿಲ್ಲಬೇಕಾಗುವುದಿಲ್ಲ. ಎರಡು ವರ್ಷ ಈ ಕೊಠಡಿ ನಡೆದು, ಮಕ್ಕಳೇ ಬಂದು ‘ಸಾರ್, ಇದನ್ನು ಕೈಯಲ್ಲಿ ಮಾಡಲಾಗುತ್ತಿಲ್ಲ’ ಎಂದು ಹೇಳಿದ ದಿನ ಪ್ರಿಂಟರ್ ತನ್ನಿ. ಅದರ ಖರ್ಚಿನಲ್ಲಿ ನನ್ನ ಪಿಂಚಣಿಯ ಪಾಲೂ ಇರಲಿ.

ಮುಂದಿನ ವಾರ ಮುಖ್ಯೋಪಾಧ್ಯಾಯರನ್ನು ಕಾಣಲು ಹೋಗುವವನಿದ್ದೇನೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಬಂದರೆ ಮಾತಿಗೆ ಬಲ ಬರುತ್ತದೆ. ಒಪ್ಪದವರು ಸಂಕೋಚವಿಲ್ಲದೆ ಬರೆಯಿರಿ. ಮೇಷ್ಟ್ರು ಹೇಳಿದರೆಂಬ ಕಾರಣಕ್ಕೇ ಒಪ್ಪಿಕೊಳ್ಳಬೇಡಿ. ಮೋಟಾರ್ ಅಂಗಡಿಯವನಿಗೆ ಈ ವಿಷಯವನ್ನು ತಿಳಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ದುಡ್ಡಿನ ಮಾತು ಆಮೇಲೆ ನೋಡೋಣ ಸಾರ್. ಯಾವ ದಿನದಿಂದ ಬರಲಿ?” ಎಂದು ಕೇಳಿದ. ಅವನಿಗೆ ನಾನು ಒಂದು ದಿನಾಂಕ ಹೇಳಬೇಕಾಗಿದೆ. ಅದನ್ನು ನೀವು ತಿಳಿಸಿರಿ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತು ನಿಮ್ಮ ಮೇಷ್ಟ್ರು